ಮೂರನೇ ನಂಬರಿನ ನಿಲುವು

ಹನ್ನೊಂದು ವರ್ಷ ಒಂದೇ ಸಮನೆ ಸೋತ ಫುಟ್‌ಬಾಲ್ ತಂಡ ಒಂದು ಭಾನುವಾರ ಇದ್ದಕ್ಕಿದ್ದಂತೆ ಗೆದ್ದುಬಿಟ್ಟರೆ, ಸೋಮವಾರ ಆ ಊರಿನ ಕಚೇರಿಗಳಲ್ಲಿ ಕೆಲಸ ನಡೆದೀತೆಂದು ಯಾರೂ ನಿರೀಕ್ಷಿಸಬಾರದು. ನಗರಸಭೆಯ ಕಚೇರಿಯಲ್ಲಂತೂ ಬೆಳಿಗ್ಗೆ ಹತ್ತೂಕಾಲಿಗೇ ಸಾಹೇಬರ ಮೇಜು ಮೈದಾನವಾಗಿತ್ತು. ಪೇಪರ್‌ವೇಟುಗಳು ನಮ್ಮವರು, ರಬ್ಬರ್ ಸ್ಟ್ಯಾಂಪುಗಳು ಎದುರಾಳಿಗಳು, ಸ್ಟೇಪ್ಲರು ಗೋಲು ಕಾಯುವ ಗೋಲಿ, ಸಾಹೇಬರ ಪೆನ್ನಿನ ಮುಚ್ಚಳವೇ ಚೆಂಡು. ನಲ್ಲಿ ಸಂಪರ್ಕಕ್ಕೆ ಅರ್ಜಿ ಕೊಡಲು ಬಂದಿದ್ದ ಒಬ್ಬ ಗೃಹಸ್ಥರು ಆ ಅರ್ಜಿಯನ್ನೇ ಮಡಚಿ ಮೂಲೆಯ ಬಾವುಟ ಮಾಡಿಕೊಟ್ಟಿದ್ದರು.

"ಗೋಲು ಹೊಡೆದದ್ದು ಒಂಬತ್ತನೇ ನಂಬರು, ಒಪ್ಪಿದೆ. ಆದ್ರೆ ಪಾಸು ಕೊಟ್ಟದ್ದು ಯಾರು? ಅದನ್ನ ಹೇಳ್ರೀ," ಎಂದರು ಸಾಹೇಬರು. ಅವರು ಕಚೇರಿಗೆ ಮುಖ್ಯಾಧಿಕಾರಿ, ಫುಟ್‌ಬಾಲ್ ಸಂಘಕ್ಕೆ ಅಧ್ಯಕ್ಷ. ಎರಡನೆಯದರಲ್ಲಿ ಅವರು ಒಂದು ದಿನವೂ ರಜೆ ಹಾಕಿದವರಲ್ಲ.

"ಅದು ಪಾಸಲ್ಲ ಸಾರ್. ಎಡವಿ ಬಿದ್ದಾಗ ಚೆಂಡಿಗೆ ಅವನ ಮೂಗು ತಾಗಿದ್ದು," ಎಂದ ಜೀಪಿನ ಡ್ರೈವರು.

"ಮೂಗಾದ್ರೇನು? ದಿಕ್ಕು ಸರಿ ಇತ್ತಲ್ಲ!"

"ನಮ್ಮ ಗೋಲಿ ಎರಡು ಸಲ ಕಣ್ಣು ಮುಚ್ಚಿಕೊಂಡ. ನಾನು ಎಣಿಸಿದೀನಿ," ಎಂದರು ಟೈಪಿಸ್ಟ್ ಮೇಡಂ. ಡ್ರೈವರನ ಮುಖ ಕೆಂಪಾಯಿತು. ಅವನು ಹಿಂದೆ ಅದೇ ತಂಡಕ್ಕೆ ಒಂಬತ್ತು ವರ್ಷ ಗೋಲಿಯಾಗಿದ್ದವನು. ಗೋಲಿಯ ಕಣ್ಣಿನ ವಿಚಾರ ಬಂದರೆ ಅವನಿಗೆ ತನ್ನ ಮನೆಯವರನ್ನೇ ಅಂದಷ್ಟು ನೋವು.

ಇಂಥ ಹೊತ್ತಿನಲ್ಲಿ ರೆಕಾರ್ಡು ರೂಮಿನ ಗುಮಾಸ್ತರು ಒಂದು ಫೈಲಿಗೆ ಸಹಿ ಹಾಕಿಸಿಕೊಳ್ಳಲು ಒಳಗೆ ಕಾಲಿಟ್ಟರು.

ಗುಮಾಸ್ತರಿಗೆ ಐವತ್ತೆರಡು ವರ್ಷ. ಮೂವತ್ತು ವರ್ಷದಿಂದ ಹಳೆಯ ಕಾಗದಗಳ ನಡುವೆ ಬಾಳಿ ಅವರ ಮೈಬಣ್ಣವೂ ಹೆಚ್ಚುಕಡಿಮೆ ಅದೇ ಆಗಿತ್ತು. ಯಾರು ಏನು ಕೇಳಿದರೂ ಇಲ್ಲ ಎನ್ನದ ಸ್ವಭಾವ. ದಾರಿ ಕೇಳಿದವರಿಗೆ ತಮಗೆ ಗೊತ್ತಿಲ್ಲದ ದಾರಿಯನ್ನೂ ಹೇಳಿ ಕಳಿಸುವಷ್ಟು ಒಳ್ಳೆಯವರು. ಅವರಿಗಿದ್ದ ಒಂದೇ ಕಷ್ಟವೆಂದರೆ, ಆ ಜೀಪಿನ ಡ್ರೈವರು ಅವರ ಹೆಂಡತಿಯ ಅಣ್ಣ. ಮದುವೆಯಾದ ದಿನದಿಂದ ಭಾವನ ಕಣ್ಣಿಗೆ ಇವರು ಮನುಷ್ಯರಾಗಿ ಬಿದ್ದಿರಲಿಲ್ಲ. "ಚೆಂಡು ಎಸೆದ್ರೆ ಹಿಡಿಯೋಕೆ ಬರಲ್ಲ, ನನ್ನ ತಂಗೀನ ಹೇಗೆ ಸಾಕ್ತಾನೆ?" ಎಂದು ಛತ್ರದಲ್ಲೇ ಕೇಳಿದ್ದ ಮಹಾನುಭಾವ.

ಭಾನುವಾರದ ಪಂದ್ಯಕ್ಕೆ ಟಿಕೆಟ್ ಕೊಟ್ಟವನೂ ಭಾವನೇ. ಗುಮಾಸ್ತರು ಹೋಗಿದ್ದರು ಕೂಡ. ಆದರೆ ಅವರ ಪಾಲಿಗೆ ಬಂದ ಸೀಟು ಒಂದು ದಪ್ಪ ಕಂಬದ ಹಿಂದೆ. ಬಲಕ್ಕೆ ಬಾಗಿದರೆ ಕಂಬ, ಎಡಕ್ಕೆ ಬಾಗಿದರೆ ಮೈದಾನದ ಒಂದು ಮೂಲೆ. ಆ ಮೂಲೆಯಲ್ಲಿ ನಮ್ಮ ತಂಡದ ಮೂರನೇ ನಂಬರಿನವನೊಬ್ಬ ನಿಂತಿದ್ದ. ಅರ್ಧ ಆಟ ಮುಗಿಯುವವರೆಗೂ ನಿಂತೇ ಇದ್ದ. ಆಮೇಲೆ ತಂಡಗಳು ಬದಿ ಬದಲಿಸಿದವು, ಆ ಮೂಲೆಗೆ ಯಾರೂ ಬರಲಿಲ್ಲ, ಗುಮಾಸ್ತರು ಸುಖವಾಗಿ ನಿದ್ದೆ ಹೋದರು. ಗೋಲಿನ ಕೂಗಿಗೆ ಎಚ್ಚರವಾದಾಗ ಎಲ್ಲರೂ ಪರಸ್ಪರ ಅಪ್ಪಿಕೊಳ್ಳುತ್ತಿದ್ದುದರಿಂದ ಸಭ್ಯತೆಗೆಂದು ತಾವೂ ಕಂಬವನ್ನು ಅಪ್ಪಿಕೊಂಡಿದ್ದರು.

"ಏನಯ್ಯ," ಎಂದ, ಗೋಲಿಯ ಕಣ್ಣಿನ ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳಲು ಕಾಯುತ್ತಿದ್ದ ಭಾವ, "ನಿನ್ನೆ ನೀನೂ ಬಂದಿದ್ದೆಯಲ್ಲ, ಏನಾದ್ರೂ ತಲೆಗೆ ಹೋಯ್ತಾ? ನಿನ್ನ ಪ್ರಕಾರ ಯಾರು ಚೆನ್ನಾಗಿ ಆಡಿದ್ರು?"

ಕೋಣೆಯಲ್ಲಿದ್ದವರೆಲ್ಲ ನಗಲು ಸಿದ್ಧರಾದರು. ಸುಮ್ಮನೆ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗುಮಾಸ್ತರು ಫೈಲನ್ನು ಎದೆಗೆ ಒತ್ತಿಕೊಂಡು, ತಾವು ಕಂಡ ಒಬ್ಬನೇ ಒಬ್ಬ ಆಟಗಾರನನ್ನು ನೆನೆದರು.

"ಮೂರನೇ ನಂಬರು."

"ಮೂರನೇ ನಂಬರಾ? ಅವನು ಚೆಂಡನ್ನ ಮುಟ್ಟಲೇ ಇಲ್ಲವಲ್ರೀ! ಏನು ಮಾಡಿದ ಅವನು?" ಎಂದರು ಸಾಹೇಬರು.

"ನಿಂತಿದ್ದ ಸಾರ್."

"ನಿಂತಿದ್ದ ಅಂದ್ರೆ?"

"ಅಂದ್ರೆ... ನಿಂತೇ ಇದ್ದ ಸಾರ್. ಅಲ್ಲಾಡಲಿಲ್ಲ. ಎಡಗೈ ಸೊಂಟದ ಮೇಲೆ ಇಟ್ಟುಕೊಂಡು."

ಭಾವ ನಗಲು ತೆರೆದ ಬಾಯಿ ತೆರೆದಂತೆಯೇ ಇತ್ತು. ಅಷ್ಟರಲ್ಲಿ ಟೈಪಿಸ್ಟ್ ಮೇಡಂ ಕನ್ನಡಕ ತೆಗೆದು, "ಸಾರ್, ನಿನ್ನೆ ಆ ಕಡೆಯಿಂದ ಎದುರಾಳಿ ಒಬ್ಬನೂ ಬರಲಿಲ್ಲ. ಗಮನಿಸಿದ್ರಾ?" ಎಂದರು.

ಸಾಹೇಬರು ಎಡಬದಿಯ ಪೇಪರ್‌ವೇಟನ್ನು ನಿಧಾನವಾಗಿ ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಅದೇ ಜಾಗದಲ್ಲಿಟ್ಟರು. "ಹೌದಲ್ರೀ! ಒಬ್ಬ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು ಹಾಗೆ ನಿಂತಿದಾನೆ ಅಂದ್ರೆ, ಅವನ ಹತ್ರ ಏನೋ ಇದೆ ಅಂತ ಅರ್ಥ. ನಾನಾಗಿದ್ರೂ ಹೋಗ್ತಿರಲಿಲ್ಲ. ಇದು ನಿಲುವು, ನಿಲುವು!"

ಅರ್ಜಿಯ ಗೃಹಸ್ಥರು ಚಪ್ಪಾಳೆ ತಟ್ಟಿದರು. ಫೈಲಿಗೆ ಸಹಿ ಬಿತ್ತು. ಅದು ಬೇರೆ ಯಾರದೋ ಫೈಲೆಂದು ಆಮೇಲೆ ತಿಳಿಯಿತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ಊರಿನಲ್ಲೂ ಬರವಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾತು ಕಟಿಂಗ್ ಶಾಪಿಗೆ ತಲುಪಿತು. ಅಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಮೇಷ್ಟರೊಬ್ಬರು, ಚೆಂಡಿನ ಹಿಂದೆ ಓಡುವುದು ಹಳೆಯ ಕಾಲದ ಪದ್ಧತಿ ಎಂದು ಕನ್ನಡಿಗೆ ವಿವರಿಸಿದರು. ಸಂಜೆಯ ಹೊತ್ತಿಗೆ ತರಕಾರಿ ಅಂಗಡಿಯಾಕೆ ಗುಮಾಸ್ತರ ಹೆಂಡತಿಯನ್ನು ತಡೆದು, "ಅಮ್ಮಾ, ಇಷ್ಟು ವರ್ಷ ಅಂಥ ತಲೆಯವರನ್ನ ಮನೇಲಿ ಮುಚ್ಚಿಟ್ಟುಕೊಂಡಿದ್ರಲ್ಲ!" ಎಂದಳು.

ಹೆಂಡತಿ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದಳು. "ರೀ, ಏನ್ರೀ ಇದು? ನಲ್ಲಿ ಸೋರ್ತಿದೆ ಅಂದ್ರೆ ಮೂರು ದಿನ ಅದರ ಮುಂದೆ ನಿಂತುಕೊಂಡು ನೋಡ್ತೀರಿ. ಅದನ್ನೇ ಊರಿಗೆಲ್ಲ ಪಾಠ ಹೇಳಿದ್ರಾ?"

"ನಾನು ಏನೂ ಹೇಳಿಲ್ಲ ಕಣೇ. ಕೇಳಿದ್ರು, ಉತ್ತರ ಕೊಟ್ಟೆ."

"ನಿಮ್ಮ ಕಷ್ಟವೇ ಅದು," ಎಂದಳು ಹೆಂಡತಿ.

ಆದರೆ ಸುಖಕ್ಕೆ ಒಗ್ಗಿಕೊಳ್ಳಲು ಮನುಷ್ಯನಿಗೆ ಎಷ್ಟು ದಿನ ಬೇಕು? ಗುಮಾಸ್ತರಿಗೆ ಎರಡು ಸಾಕಾಯಿತು. ಬುಧವಾರ ಅವರ ಕೋಣೆಗೆ ಫ್ಯಾನು ಬಂತು. ಗುರುವಾರ ಕೈಗಳಿರುವ ಕುರ್ಚಿ ಬಂತು. ಶುಕ್ರವಾರ ಭಾವ ಜೀಪಿನ ಬಾಗಿಲು ತೆರೆದು, "ಕೂತ್ಕೊಳ್ಳಿ ಭಾವಾ, ಮನೆಗೆ ಬಿಡ್ತೀನಿ," ಎಂದ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಅವನ ಬಾಯಿಂದ ಬಹುವಚನ ಬಂದಿತ್ತು. ಗುಮಾಸ್ತರು ಜೀಪಿನಲ್ಲಿ ಕೂತು ಎಡಗೈಯನ್ನು ಸೊಂಟದ ಮೇಲೆ ಇಟ್ಟುಕೊಂಡರು. ಏಕೆಂದು ಅವರಿಗೂ ಗೊತ್ತಿರಲಿಲ್ಲ.

ಶನಿವಾರ ತಂಡದ ಕೋಚು ರೆಕಾರ್ಡು ರೂಮಿಗೇ ಬಂದುಬಿಟ್ಟ. ಹನ್ನೊಂದು ವರ್ಷ ಮೈದಾನದಂಚಿನಲ್ಲಿ ಕೂಗಿ ಕೂಗಿ ಗಂಟಲು ಕೆಟ್ಟುಹೋಗಿದ್ದ ಆತ ಪಿಸುಮಾತಿನಲ್ಲೇ ಗದರುತ್ತಿದ್ದ.

"ಆ ಮೂರನೇ ನಂಬರಿನವನ ಹೆಸರನ್ನ ಪಟ್ಟಿಯಿಂದ ಹೊಡೆದುಹಾಕಿದ್ದೆ ಗುಮಾಸ್ತ್ರೇ. ನಿಮ್ಮ ಮಾತು ಕೇಳಿ ಮತ್ತೆ ಬರೆದೆ. ಈಗ ಒಂದು ಸಂದೇಹ. ಒಬ್ಬ ನಿಂತದ್ದಕ್ಕೇ ಗೆದ್ವಿ. ಹನ್ನೊಂದು ಜನಾನೂ ನಿಂತ್ರೆ?"

ಗುಮಾಸ್ತರು ಫ್ಯಾನು ನೋಡಿದರು. ಕುರ್ಚಿಯ ಕೈ ಸವರಿದರು. "ನಿಲ್ಲಬಹುದು," ಎಂದರು.

"ಗೋಲಿ?"

"ಅವನೊಬ್ಬನನ್ನ ಯಾಕೆ ಬೇರೆ ಮಾಡೋದು? ಬೇಜಾರು ಮಾಡ್ಕೊಳ್ತಾನೆ."

ಕೋಚು ಅದನ್ನು ಬರೆದುಕೊಂಡು ಹೋದ.

ಅದೇ ಸಂಜೆ ಗುಮಾಸ್ತರ ಮನೆಗೆ ಒಬ್ಬ ಎತ್ತರದ ಆಳು ಬಂದ. ಮೂವತ್ತು ದಾಟಿದವನು, ಅಂಗಿಯ ಮೇಲೆಲ್ಲ ಹಿಟ್ಟಿನ ಪುಡಿ, ಕೈಯಲ್ಲಿ ಇನ್ನೂ ಬಿಸಿಯಾಗಿದ್ದ ಬ್ರೆಡ್ಡು. ಬೇಕರಿಯ ಒಲೆಯ ಮುಂದೆ ಕೆಲಸ ಮಾಡುವ ಅವನೇ ಮೂರನೇ ನಂಬರು.

"ಸಾರ್, ಹದಿನಾಲ್ಕು ವರ್ಷದಿಂದ ಆಡ್ತಿದೀನಿ. ಯಾರೂ ನನ್ನ ಹೆಸರು ಎತ್ತಿರಲಿಲ್ಲ. ನಮ್ಮಮ್ಮ ಕೂಡ ಪಂದ್ಯ ನೋಡಿ ಬಂದು, ನೀನು ಎಲ್ಲಿದ್ದೆ ಅಂತ ಕೇಳ್ತಾಳೆ. ನೀವೊಬ್ರೇ ನೋಡಿದ್ದು." ಅವನು ಬ್ರೆಡ್ಡನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದ. "ಅದಕ್ಕೇ ನಿಮ್ಮ ಹತ್ರ ಸುಳ್ಳು ಹೇಳೋಕೆ ಮನಸ್ಸು ಬರ್ತಿಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ನನ್ನ ಚಡ್ಡಿಯ ಎಲಾಸ್ಟಿಕ್ ಕಿತ್ತುಹೋಯ್ತು ಸಾರ್."

"ಆಂ?"

"ಕೈ ತೆಗೆದ್ರೆ ಊರಿಗೆಲ್ಲ ದರ್ಶನ. ಕೋಚಿಗೆ ಹೇಳಿದ್ರೆ ಹೊರಗೆ ಕರೀತಾರೆ, ಒಂದ್ಸಲ ಹೊರಗೆ ಹೋದವನನ್ನ ಮತ್ತೆ ಸೇರಿಸಲ್ಲ. ನಡುವೆ ಬಿಡುವಿನಲ್ಲಿ ಒಂದು ಗಂಟು ಹಾಕಿದೆ, ಅದೂ ಬಿಚ್ಚಿತು. ಇನ್ನೇನು ಮಾಡ್ಲಿ, ಹಿಡ್ಕೊಂಡು ನಿಂತೆ."

ಗುಮಾಸ್ತರು ಎದ್ದು ಬಾಗಿಲು ಮುಚ್ಚಿ ಬಂದು, ಕಂಬದ ಸಂಗತಿಯನ್ನು ಮೊದಲಿಂದ ಕೊನೆಯವರೆಗೆ, ನಿದ್ದೆಯನ್ನೂ ಬಿಡದೆ, ಹೇಳಿಬಿಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬ್ರೆಡ್ಡು ತಣ್ಣಗಾಯಿತು.

ಅಡುಗೆಮನೆಯಿಂದ ಹೆಂಡತಿ ಸೂಜಿದಾರದ ಡಬ್ಬಿಯೊಂದಿಗೆ ಹೊರಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಆ ಚಡ್ಡಿ ತಂದುಕೊಡಪ್ಪ. ಅಗಲ ಎಲಾಸ್ಟಿಕ್ ಹಾಕಿ ಎರಡೆರಡು ಹೊಲಿಗೆ ಹಾಕಿಕೊಡ್ತೀನಿ. ಆನೆ ಎಳೆದ್ರೂ ಜಗ್ಗಬಾರದು. ನೀವು," ಎಂದು ಗಂಡನತ್ತ ತಿರುಗಿ, "ನಾಳೆ ಬೆಳಿಗ್ಗೆ ಹೋಗಿ ಆ ಸಾಹೇಬರಿಗೆ ನಿಜ ಹೇಳಿ ಬನ್ನಿ. ಪಾಪ, ಹನ್ನೊಂದು ಮನೆ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸಬೇಡಿ."

ಭಾನುವಾರ ಬೆಳಿಗ್ಗೆ ಗುಮಾಸ್ತರು ಹೋದರು. ನಿಜವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಹೋದರು. ಸಾಹೇಬರ ಮನೆಯ ವರಾಂಡದಲ್ಲಿ ಪೇಂಟಿನ ವಾಸನೆ. "ಬನ್ನಿ ಬನ್ನಿ, ಇನ್ನೂ ಒಣಗಿಲ್ಲ, ಮುಟ್ಟಬೇಡಿ," ಎಂದು ಸಾಹೇಬರು ತೋರಿಸಿದ ಹಲಗೆಯ ಮೇಲೆ "ತಾಂತ್ರಿಕ ಸಲಹೆಗಾರರು" ಎಂದು ದುಂಡಗೆ ಬರೆದಿತ್ತು. ಗುಮಾಸ್ತರು ನಿಜವನ್ನು ನುಂಗಿ, "ಅಕ್ಷರ ಚೆನ್ನಾಗಿದೆ ಸಾರ್," ಎಂದು ಹೇಳಿ ಬಂದರು.

ಆ ದಿನದ ಪಂದ್ಯವನ್ನು ನೋಡಿದವರು ಈಗಲೂ ಅದರ ಬಗ್ಗೆ ಮೆಲುದನಿಯಲ್ಲೇ ಮಾತಾಡುತ್ತಾರೆ. ಸೇತುವೆಯಾಚೆಯ ತಂಡ ಎದುರಾಳಿ. ರೆಫ್ರಿ ಸೀಟಿ ಊದಿದ. ನಮ್ಮ ಹನ್ನೊಂದು ಜನ ಅಲ್ಲಲ್ಲೇ ಕಾಲು ಅಗಲಿಸಿ, ಎಡಗೈ ಸೊಂಟಕ್ಕಿಟ್ಟು ನಿಂತರು. ನಾಲ್ಕು ಸಾವಿರ ಜನ ಉಸಿರು ಬಿಗಿ ಹಿಡಿದರು. ಎದುರಾಳಿಗಳು ನಿಜಕ್ಕೂ ಹೆದರಿದರು. ಐದು ನಿಮಿಷ ಚೆಂಡನ್ನು ತಮ್ಮತಮ್ಮಲ್ಲೇ ಹಿಂದಕ್ಕೆ ಮುಂದಕ್ಕೆ ಮಾಡಿದರು. ಅವರ ನಾಯಕ ರೆಫ್ರಿಯ ಹತ್ತಿರ ಹೋಗಿ, "ಇವರಿಗೇನಾದ್ರೂ ಹುಷಾರಿಲ್ವಾ?" ಎಂದು ಕೇಳಿದ. "ನಿಲ್ಲೋದು ತಪ್ಪು ಅಂತ ನಿಯಮದಲ್ಲಿಲ್ಲ," ಎಂದ ರೆಫ್ರಿ.

"ನೋಡಿದ್ರಾ, ನಡುಗ್ತಿದಾರೆ!" ಎಂದು ಸಾಹೇಬರು ಗುಮಾಸ್ತರ ತೊಡೆ ತಟ್ಟಿದರು. ಆ ದಿನ ಗುಮಾಸ್ತರಿಗೆ ಮುಂದಿನ ಸಾಲಿನ ನಡುವಿನ ಕುರ್ಚಿ.

ಆರನೇ ನಿಮಿಷಕ್ಕೆ ಎದುರಾಳಿಯೊಬ್ಬ ಚೆಂಡನ್ನು ಮೆಲ್ಲಗೆ ತಳ್ಳಿಕೊಂಡು, ಪರರ ಮನೆಯೊಳಗೆ ಬಂದವನಂತೆ ಸಂಕೋಚದಿಂದ ಅತ್ತಿತ್ತ ನೋಡುತ್ತ, ನಮ್ಮ ಗೋಲಿಯ ಪಕ್ಕದಿಂದ ಒಳಗೆ ಹಾಕಿದ. ಗೋಲಿ ಸೊಂಟದಿಂದ ಕೈ ತೆಗೆಯಲಿಲ್ಲ. ಆಮೇಲೆ ಅವರಿಗೆ ಸಂಕೋಚ ಬಿಟ್ಟುಹೋಯಿತು. ಎಂಟು ಗೋಲಾದವು. ಎಂಟನೆಯದನ್ನು ಹೊಡೆದದ್ದು ಅವರ ಗೋಲಿ, ಬೇಜಾರಾಗಿ ಇಷ್ಟು ದೂರ ನಡೆದುಕೊಂಡು ಬಂದಿದ್ದ.

ಇನ್ನು ಎರಡೇ ನಿಮಿಷ ಉಳಿದಿತ್ತು. ಚೆಂಡು ಎಲ್ಲಿಂದಲೋ ಉರುಳಿ ಬಂದು ಮೂರನೇ ನಂಬರಿನ ಕಾಲಿಗೆ ತಗುಲಿತು. ಅವನು ಚೆಂಡು ನೋಡಿದ. ತನ್ನ ಎಡಗೈ ನೋಡಿದ. ಹೆದರುತ್ತ ಹೆದರುತ್ತ ಕೈ ತೆಗೆದ. ಏನೂ ಆಗಲಿಲ್ಲ. ಎರಡೆರಡು ಹೊಲಿಗೆ! ಮರುಕ್ಷಣ ಅವನು ಓಡಿದ. ಹದಿನಾಲ್ಕು ವರ್ಷದಿಂದ ಕಾಲಲ್ಲಿ ಕಟ್ಟಿಟ್ಟಿದ್ದ ಓಟವನ್ನೆಲ್ಲ ಒಂದೇ ಸಲ ಬಿಚ್ಚಿದವನಂತೆ ಓಡಿ, ನಾಲ್ವರನ್ನು ದಾಟಿ, ಕಾವಲಿಲ್ಲದ ಗೋಲಿನೊಳಗೆ ಚೆಂಡು ಹೊಡೆದ.

ಸೋಮವಾರ ಮತ್ತೆ ಪೇಪರ್‌ವೇಟುಗಳು ಹೊರಬಂದವು. ಗುಮಾಸ್ತರು ತಮ್ಮ ಚರ್ಮ ಸುಲಿಯುತ್ತಾರೆಂದೇ ನಂಬಿ ದಪ್ಪ ಕೋಟು ಹಾಕಿಕೊಂಡು ಬಂದಿದ್ದರು. ಆದರೆ ಅಲ್ಲಿ ಚರ್ಚೆಯ ದಾರಿಯೇ ಬೇರೆಯಾಗಿತ್ತು.

"ಸಿದ್ಧಾಂತದಲ್ಲಿ ದೋಷ ಇಲ್ಲ. ಆ ಮೂರನೇ ನಂಬರು ಓಡಿದ, ನಿಲುವು ಒಡೀತು, ಸೋತ್ವಿ," ಎಂದರು ಸಾಹೇಬರು.

"ಅವನು ಓಡಿದ್ದು ಎಂಟು ಗೋಲು ಆದ್ಮೇಲಲ್ವಾ ಸಾರ್?" ಎಂದರು ಟೈಪಿಸ್ಟ್ ಮೇಡಂ.

"ಓಡೋ ಮನಸ್ಸು ಅವನಿಗೆ ಮೊದಲಿಂದ್ಲೂ ಇತ್ತು ಕಣ್ರೀ. ಎದುರಾಳಿಗೆ ಅದು ವಾಸನೆ ಹೊಡೆಯುತ್ತೆ!"

"ಸರಿಯಾಗಿ ಹೇಳಿದ್ರಿ," ಎಂದು ಅಲ್ಲೇ ಕೂತಿದ್ದ ಕೋಚು ಪಿಸುಗುಟ್ಟಿದ. "ಅವನನ್ನ ತಂಡದಿಂದ ತೆಗೀತಾ ಇದೀನಿ."

ಗುಮಾಸ್ತರಿಗೆ ಆ ಬಿಸಿ ಬ್ರೆಡ್ಡು ನೆನಪಾಯಿತು. ಮೂವತ್ತು ವರ್ಷದ ಸರ್ವೀಸಿನಲ್ಲಿ ಎಂದೂ ಮಾಡದ ಕೆಲಸವನ್ನು ಮಾಡಿದರು. ಸಾಹೇಬರ ಮೇಜನ್ನು ಅಂಗೈಯಿಂದ ಬಡಿದರು. ಸ್ಟೇಪ್ಲರು ಉರುಳಿತು. "ಸಾರ್, ಅವನದೇನೂ ತಪ್ಪಿಲ್ಲ! ನಾನು ಕಂಬದ ಹಿಂದೆ ಕೂತಿದ್ದೆ. ನನಗೆ ಬೇರೆ ಯಾರೂ ಕಾಣಿಸಲಿಲ್ಲ. ಅರ್ಧ ಆಟ ನಿದ್ದೆ ಮಾಡಿದೆ. ಅವನು ನಿಂತದ್ದು ಚಡ್ಡಿ ಎಲಾಸ್ಟಿಕ್ ಕಿತ್ತುಹೋಗಿತ್ತು ಅಂತ. ನಿಲುವೂ ಇಲ್ಲ, ಸಿದ್ಧಾಂತವೂ ಇಲ್ಲ. ಎಲ್ಲ ನನ್ನ ತಪ್ಪು!"

ಸಾಹೇಬರ ಕಣ್ಣು ತುಂಬಿ ಬಂತು.

"ನೋಡ್ರೀ. ಸೋತಾಗ ಇಡೀ ಭಾರವನ್ನ ಒಬ್ರೇ ಹೊತ್ಕೊಳ್ತಿದಾರೆ. ಆಟಗಾರನನ್ನ ಉಳಿಸೋಕೆ ತಮ್ಮ ಮರ್ಯಾದೆ ಬಿಡ್ತಿದಾರೆ. ಇಂಥವರು ಎಲ್ಲಿ ಸಿಗ್ತಾರೆ?"

"ನನ್ನ ತಂಗಿ ಪುಣ್ಯ ಮಾಡಿದ್ಲು," ಎಂದು ಭಾವ ಮೂಗು ಒರೆಸಿಕೊಂಡ.

ಗುಮಾಸ್ತರು ಇನ್ನೂ ಎರಡು ಸಲ ನಿಜ ಹೇಳಿದರು. ಹೇಳಿದಷ್ಟೂ ಅವರ ಗೌರವ ಏರಿತು. ಮೂರನೇ ನಂಬರಿನವನನ್ನು ಮಾತ್ರ ಆ ಮಧ್ಯಾಹ್ನವೇ ತೆಗೆದುಹಾಕಿದರು. ಆ ಸಂಜೆಯೇ ಸೇತುವೆಯಾಚೆಯವರು ಅವನನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಎಂಟು ಗೋಲು ಹೊಡೆದವರಿಗೂ ತಮ್ಮ ಮೇಲಾದ ಆ ಒಂದು ಗೋಲೇ ಕಣ್ಣಲ್ಲಿ ಕೂತಿತ್ತು.

ಮುಂದಿನ ತಿಂಗಳು ಅವರೊಂದಿಗೇ ಮತ್ತೊಂದು ಪಂದ್ಯ. ನಮ್ಮವರು ನಿಲ್ಲುವುದನ್ನು ಬಿಟ್ಟು ಹಳೆಯ ರೀತಿಯಲ್ಲಿ ಸೋಲಲು ಶುರುಮಾಡಿದ್ದರು. ಸಾಹೇಬರು ಮಾತ್ರ ಸಲಹೆಗಾರರನ್ನು ಬಿಡಲಿಲ್ಲ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಸುತ್ತ ನಮ್ಮೂರಿನ ಜನ, ಹಿಂದಿನ ಸಾಲಿನಲ್ಲಿ ಭಾವ.

ಎದುರು ತಂಡದ ಅಂಗಿ ತೊಟ್ಟ ಬೇಕರಿಯವನಿಗೆ ಚೆಂಡು ಸಿಕ್ಕಿತು. ಅವನು ಓಡತೊಡಗಿದ. ಗುಮಾಸ್ತರ ಕಣ್ಣ ಮುಂದೆ ಇಡೀ ಮೈದಾನ ಹಸಿರಾಗಿ ಹರಡಿತ್ತು, ಮೂಲೆಯಿಂದ ಮೂಲೆಗೆ. ಅದರ ನಡುವೆ ತಮಗೆ ಗೊತ್ತಿರುವ ಒಬ್ಬ ಮನುಷ್ಯ ಗಾಳಿಯಂತೆ ಹೋಗುತ್ತಿದ್ದ. ಅವರ ಎದೆಯಲ್ಲಿ ಏನೋ ಉಕ್ಕಿತು. ಯಾವಾಗ ಎದ್ದರೋ, ಯಾವಾಗ ಕುರ್ಚಿಯ ಮೇಲೆ ಹತ್ತಿದರೋ ಅವರಿಗೇ ತಿಳಿಯಲಿಲ್ಲ. "ಓಡೋ ನನ್ನಪ್ಪಾ! ಬಿಡಬೇಡ, ಹೊಡಿ!" ಎಂದು ಕಿರುಚಿದರು. ಚೆಂಡು ನಮ್ಮ ಗೋಲಿನ ಬಲೆಗೆ ಹೋಯಿತು. ಗುಮಾಸ್ತರು ಕುರ್ಚಿಯಿಂದ ಹಾರಿ ಸಾಹೇಬರನ್ನು ಬಾಚಿ ತಬ್ಬಿ, ಅವರ ಬೋಳುತಲೆಗೆ ಒಂದು ಮುತ್ತು ಕೊಟ್ಟರು.

ಆಮೇಲೆ ಸುತ್ತ ನೋಡಿದರು.

ಎರಡು ಸಾವಿರ ಜನ ಇವರನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಭಾವ ನಿಧಾನವಾಗಿ ತೋಳು ಮಡಚುತ್ತಿದ್ದ. "ಏನಯ್ಯ," ಎಂದ. ಬಹುವಚನ ಹೋಗಿತ್ತು.

ಗುಮಾಸ್ತರು ಕಾಲಿಗೆ ಬುದ್ಧಿ ಹೇಳಿದರು. ಬೇಲಿ ಹಾರಿದರು. ಮೈದಾನದ ಅಂಚಿನಲ್ಲಿ ಕಾರ್ನರ್ ಬಾವುಟ ಸುತ್ತಿ, ನೀರಿನ ಬಕೆಟ್ಟು ದಾಟಿ, ಅಡ್ಡ ಬಂದ ರೆಫ್ರಿಗೆ ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ತಪ್ಪಿಸಿಕೊಂಡು, ಗೇಟಿನಾಚೆ ಮಾಯವಾದರು. ಹಿಂದೆ ಅಟ್ಟಿಸಿಕೊಂಡು ಹೋದ ಅರವತ್ತು ಜನರಲ್ಲಿ ಅವರ ಮನೆಯ ಬೀದಿಯವರೆಗೆ ತಲುಪಿದವರು ಮೂವರೇ. ಆ ಮೂವರಿಗೂ ಗುಮಾಸ್ತರ ಹೆಂಡತಿಯೇ ನೀರು ಕೊಟ್ಟು ಕಳಿಸಬೇಕಾಯಿತು.

ಮರುದಿನ ಗುಮಾಸ್ತರು ರಾಜೀನಾಮೆ ಬರೆದುಕೊಂಡೇ ಕಚೇರಿಗೆ ಬಂದರು. ಸಾಹೇಬರ ಕೋಣೆಯಿಂದ ಪೇಪರ್‌ವೇಟಿನ ಸದ್ದು ಕೇಳಿಸಿತು. ಬಾಗಿಲಲ್ಲಿ ನಿಂತು ಆಲಿಸಿದರು.

"ಬೇಲಿ ಹಾರಿದ್ದು ಸರಿಯಾಗೇ ಇತ್ತು. ಆದ್ರೆ ಬಕೆಟ್ಟಿನ ಹತ್ರ ಒಂದು ಹೆಜ್ಜೆ ವ್ಯರ್ಥ ಆಯ್ತು," ಎನ್ನುತ್ತಿದ್ದರು ಟೈಪಿಸ್ಟ್ ಮೇಡಂ.

"ವ್ಯರ್ಥ ಅಲ್ಲ ಮೇಡಂ, ಅಲ್ಲೇ ಅಲ್ವಾ ನನ್ನನ್ನ ತಪ್ಪಿಸಿದ್ದು! ನಾನು ಒಂಬತ್ತು ವರ್ಷ ಗೋಲಿಯಾಗಿದ್ದವನು, ನನ್ನ ಕೈಗೇ ಸಿಗಲಿಲ್ಲ," ಎಂದ ಭಾವ. ಅವನ ದನಿಯಲ್ಲಿ ಮನೆತನದ ಹೆಮ್ಮೆಯಿತ್ತು.

"ಐವತ್ತೆರಡನೇ ವಯಸ್ಸಿಗೆ ರೆಫ್ರಿಯನ್ನ ಹಾಗೆ ದಾಟೋದು ಅಂದ್ರೆ!" ಎಂದು ಸಾಹೇಬರು ತಲೆ ಸವರಿಕೊಂಡರು.

ಅಷ್ಟರಲ್ಲಿ ಕೋಚು ಬಾಗಿಲಲ್ಲಿದ್ದವರನ್ನು ಕಂಡ. ಎದ್ದು ಬಂದು, ಅವರ ಕೈಯಲ್ಲಿದ್ದ ರಾಜೀನಾಮೆಯನ್ನು ಮಡಚಿ ಅವರ ಜೇಬಿಗೇ ತುರುಕಿ, ಬಗ್ಗಿ ಅವರ ಕಾಲುಗಳನ್ನು ಒಮ್ಮೆ ಚೆನ್ನಾಗಿ ನೋಡಿದ.

"ಭಾನುವಾರ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದುಬಿಡಿ ಗುಮಾಸ್ತ್ರೇ. ಬೂಟಿನ ಸೈಜು ಎಷ್ಟು?"

ಗುಮಾಸ್ತರು ತಮ್ಮ ಪಾದಗಳನ್ನು ನೋಡಿಕೊಂಡರು. ಕೇಳಿದವರಿಗೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲವಲ್ಲ. "ಏಳು," ಎಂದರು.